ಇಪ್ಪತ್ತಮೂರನೆಯ ಸಾಲು

ಬಿದಿರಿನ ಗಳದ ಮೇಲೆ ಕತ್ತಿ ಎತ್ತಿದ ಚೌಡ ಅದನ್ನು ಹಾಗೆಯೇ ತಡೆದು, "ಬೊಮ್ಮಯ್ಯಣ್ಣ ಎಷ್ಟು ಉದ್ದ ಇದ್ರು?" ಎಂದು ಕೇಳಿದ.

ಜಗಲಿಯಲ್ಲಿ ಬಟ್ಟೆ ಹೊದಿಸಿ ಮಲಗಿಸಿದವನನ್ನು ಅಳೆದು ನೋಡಲು ಯಾರಿಗೂ ಮನಸ್ಸು ಬರಲಿಲ್ಲ. ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಮನುಷ್ಯ. ಉದ್ದವೋ ಗಿಡ್ಡವೋ ಎಂದು ಯಾರೂ ಗಮನವಿಟ್ಟು ನೋಡಿರಲಿಲ್ಲ. ಮಗ ಸಂತೋಷ ಅಂಗಳಕ್ಕಿಳಿದು ಬಂದು ತನ್ನ ಕಿವಿಯ ಮಟ್ಟಕ್ಕೆ ಕೈ ಹಿಡಿದು, "ಇಲ್ಲೀವರಿಗೆ" ಎಂದ.

"ಹಾಂಗಾರೆ ಆತು" ಎಂದು ಚೌಡ ಕತ್ತಿ ಹಾಕಿದ.

ಬೊಮ್ಮಯ್ಯ ನಾಯ್ಕ ಕುಮಟೆಯ ಆಚೆಗಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ಗುಮಾಸ್ತ. ವಯಸ್ಸು ಐವತ್ತನಾಲ್ಕು. ಆ ಗುರುವಾರ ಬೆಳಿಗ್ಗೆ ಐದಕ್ಕೆ ಕಾಯ್ಕಿಣಿಯ ತನ್ನ ಮನೆಯಲ್ಲೇ ತೀರಿಕೊಂಡಿದ್ದ. ಹೊಟ್ಟೆಯ ಕ್ಯಾನ್ಸರು. ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಮಣಿಪಾಲದ ಡಾಕ್ಟರು ಹೇಳಿ ಹದಿನೈದು ದಿನವಾಗಿತ್ತು. 2009ರ ಮಾರ್ಚ್ ಕೊನೆಯ ವಾರ. ಹತ್ತನೆಯ ತರಗತಿಯ ಪರೀಕ್ಷೆ ನಡೆಯುತ್ತಿತ್ತು. ಶಾಲೆಯವರು ಪೇಪರು ಮುಗಿಸಿ, ಬಂಡಲು ಕಟ್ಟಿ ಕಳಿಸಿ ಬರುವುದೆಂದರೆ ಮಧ್ಯಾಹ್ನ ಎರಡು ಗಂಟೆಯಾದರೂ ಆಗುತ್ತದೆ. ಅಲ್ಲಿಯವರೆಗೆ ಹೆಣ ಎತ್ತುವುದು ಬೇಡ ಎಂದು ಬೊಮ್ಮಯ್ಯನ ಹೆಂಡತಿ ಮಂಗಲಾ ಹೇಳಿದ್ದಳು.

ಹನ್ನೊಂದರ ಹೊತ್ತಿಗೆ ರಸ್ತೆಯಿಂದ ಒಬ್ಬಳು ಹೆಂಗಸು ಇಳಿದು ಬಂದಳು. ಇಪ್ಪತ್ತನಾಲ್ಕು, ಇಪ್ಪತ್ತೈದರ ಪ್ರಾಯ. ಇಸ್ತ್ರಿ ಹಾಕಿದ ಹಸಿರು ಸೀರೆ, ತಲೆಯಲ್ಲಿ ಅಬ್ಬಲಿಗೆ ಹೂವು. ಸಾವಿನ ಮನೆಗೆ ಬರುವವರ ಹಾಗೆ ಇರಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ನೋಡಿಕೊಂಡು ಅವಳು ಚೌಡನನ್ನು ಕೇಳಿದಳು:

"ಕ್ಲಾರ್ಕ್ ಬೊಮ್ಮಯ್ಯ ಸರ್ ಮನೆ ಇದೇಯಾ? ಇವತ್ತು ಬಾ ಅಂದಿದ್ರು."

ಚೌಡ ಜಗಲಿಯ ಕಡೆ ಕತ್ತಿ ತೋರಿಸಿದ. ಅವಳಿಗೆ ಬಿಳಿ ಬಟ್ಟೆ ಕಂಡಿತು. ತಲೆಯ ಹತ್ತಿರ ಉರಿಯುವ ದೀಪ ಕಂಡಿತು. ಅಂಗಳದ ತುದಿಯಲ್ಲೇ ನಿಂತು ತಲೆಯ ಹೂವನ್ನು ಮೆಲ್ಲಗೆ ಬಿಚ್ಚಿ, ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡಳು.

*

ಆ ಹೈಸ್ಕೂಲಿಗೆ ಕಂಪ್ಯೂಟರು ಬಂದದ್ದು 1998ರ ದೀಪಾವಳಿಗೆ. ಮುಂಬಯಿಯಲ್ಲಿ ಹೋಟೆಲಿಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೊಡಿಸಿದ್ದ. ಆಗ ಹೆಡ್ ಮಾಸ್ತರಾಗಿದ್ದ ಮಹಾಗಣಪತಿ ಮಾಸ್ತರು ಅದಕ್ಕೆ ಕುಂಕುಮ ಹಚ್ಚಿ, ಹೂವೇರಿಸಿ, ಬಟ್ಟೆ ಮುಚ್ಚಿಸಿ ಇಟ್ಟರು. ಬಟ್ಟೆ ತೆಗೆದವನು ಬೊಮ್ಮಯ್ಯ. ಮೂರು ತಿಂಗಳು ಶಾಲೆ ಬಿಟ್ಟ ಮೇಲೆ ಕುಮಟೆಯ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಎಕ್ಸೆಲ್ ಕಲಿತ. ಒಂಬತ್ತನೆಯ ತರಗತಿಗೆ ಒಂದು ಅಂಕಪಟ್ಟಿ ತಯಾರಿಸಿದ. ಆರು ವಿಷಯದ ಅಂಕ ಹೊಡೆದರೆ ಮೊತ್ತ ತಾನೇ ಬರುತ್ತಿತ್ತು. ಪ್ರತಿ ಸಾಲಿನ ಕೊನೆಯ ಮನೆಯಲ್ಲಿ ಪಾಸೋ ಫೇಲೋ ಎಂಬುದೂ ತಾನೇ ಬರುತ್ತಿತ್ತು. ಮಾಸ್ತರುಗಳು ಚಾ ಕಪ್ಪು ಹಿಡಿದುಕೊಂಡು ಬಂದು ನೋಡಿದರು.

"ಬರುವ ವರ್ಷ ಇದನ್ನೆಲ್ಲ ಮತ್ತೆ ಹೊಸದಾಗಿ ಮಾಡ್ಬೇಕಾ?" ಎಂದು ಹೆಡ್ ಮಾಸ್ತರು ಕೇಳಿದರು.

"ಬೇಡ ಸರ್. ಹೆಸರು, ಅಂಕ ಅಳಿಸಿದ್ರೆ ಆತು. ಸೂತ್ರ ಮಾತ್ರ ಮುಟ್ಟುಕಾಗ. ಅದು ಒಳಗೇ ಇರ್ತದೆ. ಹೊಸ ಅಂಕ ಹಾಕಿದ ಕೂಡ್ಲೆ ಮತ್ತೆ ಲೆಕ್ಕ ಮಾಡ್ತದೆ."

ಮೊದಲ ವರ್ಷದ ಫಲಿತಾಂಶದ ಹಿಂದಿನ ದಿನ ಹೆಡ್ ಮಾಸ್ತರು ಪಟ್ಟಿಯ ಮೇಲೆ ಬೆರಳಿಟ್ಟರು. ಇಪ್ಪತ್ತಮೂರನೆಯ ನಂಬರಿನ ಹುಡುಗ ಪಾಸಾಗಿದ್ದ, ಆದರೆ ವರ್ಷದ ಅರ್ಧದಷ್ಟು ದಿನ ಶಾಲೆಗೇ ಬಂದಿರಲಿಲ್ಲ. "ಇವನನ್ನು ಮುಂದೆ ಹಾಕುದು ಬೇಡ. ಹಾಜರಿ ಇಲ್ಲ" ಎಂದರು. ಆದರೆ ಸೂತ್ರಕ್ಕೆ ಹಾಜರಿ ಗೊತ್ತಿರಲಿಲ್ಲ. ಬೊಮ್ಮಯ್ಯ ಆ ಒಂದು ಮನೆಗೆ ಹೋಗಿ, ಇದ್ದ ಸೂತ್ರದ ಮೇಲೆಯೇ ಕೈಯಿಂದ ಇಂಗ್ಲಿಷಿನ ನಾಲ್ಕು ಅಕ್ಷರ ಹೊಡೆದ. ಫೇಲ್.

ಮರುವರ್ಷ ಅದೇ ಪಟ್ಟಿಯ ಪ್ರತಿ ತೆಗೆದು, ಹೆಸರು ಅಳಿಸಿದ, ಅಂಕ ಅಳಿಸಿದ. ಮೊತ್ತ ಮತ್ತು ಫಲಿತಾಂಶದ ಮನೆಗಳನ್ನು ಮುಟ್ಟಲಿಲ್ಲ. ಅಲ್ಲಿ ಸೂತ್ರವಿದೆ ಎಂದು ಅವನು ತಿಳಿದಿದ್ದ. ಐವತ್ತೆಂಟು ಸಾಲುಗಳಲ್ಲಿ ಇತ್ತು. ಒಂದರಲ್ಲಿ ಇರಲಿಲ್ಲ.

2000ನೆಯ ಇಸವಿಯ ಏಪ್ರಿಲ್ ಹತ್ತರಂದು ಪಾಸಾದವರ ನಂಬರುಗಳನ್ನು ಮಾತ್ರ ನೋಟಿಸು ಬೋರ್ಡಿಗೆ ಅಂಟಿಸಲಾಯಿತು. ಅಂಕದ ಕಾರ್ಡು ಕೊಡುವುದು ಜೂನಿನಲ್ಲಿ, ಶಾಲೆ ಮತ್ತೆ ತೆರೆದ ಮೇಲೆ. ದಂಡೆಕೇರಿಯ ಮೀನುಗಾರ ಈರನ ಮಗಳು ಸುಚಿತಾ ಬೋರ್ಡಿನೆದುರು ಬಂದು ನಿಂತದ್ದನ್ನು ಬೊಮ್ಮಯ್ಯ ಆಫೀಸಿನ ಕಿಟಕಿಯಿಂದ ನೋಡಿದ್ದ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತನಾಲ್ಕು. ಅವಳು ಬೆರಳನ್ನು ಮೂರು ಸಲ ಮೇಲೆ ಕೆಳಗೆ ಆಡಿಸಿದಳು. ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಯಾರನ್ನೂ ಏನನ್ನೂ ಕೇಳಲಿಲ್ಲ. ಜೂನಿನಲ್ಲಿ ಶಾಲೆಗೆ ಬರಲಿಲ್ಲ.

ಮತ್ತೊಂದು ವರ್ಷ ಕಳೆದಾಗ ಆ ಸಾಲಿಗೆ ಊರ ಡಾಕ್ಟರ ಮಗ ಬಂದ. ಆರುನೂರಕ್ಕೆ ಐನೂರ ನಲವತ್ತೆಂಟು. ಪಕ್ಕದಲ್ಲಿ ಫೇಲ್. ಬೊಮ್ಮಯ್ಯನಿಗೆ ಅದು ನೋಡಿದ ಕೂಡಲೇ ಕಣ್ಣಿಗೆ ಹೊಡೆಯಿತು. ಆ ಮನೆಯನ್ನು ಒತ್ತಿ ನೋಡಿದ. ಒಳಗೆ ಸೂತ್ರವಿಲ್ಲ, ನಾಲ್ಕು ಅಕ್ಷರಗಳಷ್ಟೇ. ಆಮೇಲೆ ಹಿಂದಿನ ವರ್ಷದ ಪಟ್ಟಿ ತೆರೆದ. ಇಪ್ಪತ್ತಮೂರು, ಸುಚಿತಾ ಈರ ಹರಿಕಂತ್ರ, ಮೊತ್ತ ಮುನ್ನೂರ ನಲವತ್ತೊಂದು. ಯಾವ ವಿಷಯದಲ್ಲೂ ಕಡಿಮೆಯಿಲ್ಲ.

ಎರಡೂ ಪಟ್ಟಿ ಎದುರಿಗಿಟ್ಟಾಗ ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆ ಹುಡುಗಿಗೆ ಮದುವೆ ಆಯ್ತಂತೆ. ತದಡಿಗೆ ಕೊಟ್ಟಿದ್ದಾರೆ. ಈಗ ಎಬ್ಬಿಸಿದರೆ ಯಾರಿಗೆ ಒಳ್ಳೇದಾಗ್ತದೆ ಬೊಮ್ಮಯ್ಯ? ನಿನ್ನ ನೌಕರಿ ಹೋಗ್ತದೆ, ನನ್ನ ಸಹಿಯೂ ಇದೆ. ಪಾಸಾಗಿದ್ರೂ ಅವರು ಹತ್ತನೇ ತನಕ ಕಳಿಸ್ತಿದ್ರು ಅಂತ ಎಂತ ಗ್ಯಾರಂಟಿ? ಸೂತ್ರ ಸರಿ ಮಾಡಿಡು."

ಬೊಮ್ಮಯ್ಯ ಸರಿ ಮಾಡಿದ. ಆದರೆ ಆ ಪಟ್ಟಿಯನ್ನು ಮತ್ತೆಂದೂ ಬಳಸಲಿಲ್ಲ. ಮುಂದೆ ಪ್ರತಿ ಏಪ್ರಿಲಿಗೂ ಖಾಲಿ ಹಾಳೆಯಿಂದ ಶುರುಮಾಡಿ, ಒಂದೊಂದು ಮನೆಗೂ ಸೂತ್ರ ಹೊಡೆದು, ಒಂದೊಂದು ಸಾಲನ್ನೂ ಕಾಗದದ ಮೇಲೆ ಮತ್ತೆ ಕೂಡಿಸಿ ನೋಡುತ್ತಿದ್ದ. ಹೊಸ ಮಾಸ್ತರುಗಳು ನಗುತ್ತಿದ್ದರು.

*

"ಎಲ್ಲಿಯೋಳು ನೀನು?" ಎಂದು ಮಂಗಲಾ ಕೇಳಿದಳು. ನೆರೆಮನೆಯವಳೊಬ್ಬಳು ಅಂಗಳದಲ್ಲಿ ನಿಂತಿದ್ದ ಸುಚಿತಾಳನ್ನು ಒಳಗೆ ಕರೆತಂದು ಹೆಂಗಸರ ನಡುವೆ ಕೂರಿಸಿದ್ದಳು.

"ತದಡಿ ಅಮ್ಮ. ಸರ್ ಒಂದು ಕಾಗದ ಕೊಡ್ತೆ ಅಂದಿದ್ರು. ಹೀಂಗೆ ಅಂತ ನಂಗೆ ಗೊತ್ತಿಲ್ಲಾಗಿತ್ತು."

"ಎಂತ ಕಾಗದ?"

ಸುಚಿತಾ ಸುತ್ತಲಿದ್ದವರನ್ನು ನೋಡಿದಳು. "ನಾ ಒಂಬತ್ತು ಪಾಸಾದದ್ದು" ಎಂದಳು.

ಮಂಗಲಾಳಿಗೆ ಆಗ ನೆನಪಾಯಿತು. ಗಂಡ ಹಾಸಿಗೆ ಹಿಡಿದ ಮೇಲೂ ತಲೆದಿಂಬಿನ ಹತ್ತಿರ ಒಂದು ಬಟ್ಟೆಚೀಲ ಇಟ್ಟುಕೊಂಡಿದ್ದ. ಗುರುವಾರ ಒಬ್ಬಳು ಬರುತ್ತಾಳೆ, ಕೊಡು ಎಂದು ಎರಡು ಸಲ ಹೇಳಿದ್ದ. ಜ್ವರದ ಬಡಬಡಿಕೆ ಎಂದು ಅವಳು ತಲೆಯಾಡಿಸಿದ್ದಳು. ಈಗ ಎದ್ದು ಹೋಗಿ ಆ ಚೀಲ ತಂದು ಸುಚಿತಾಳ ಮಡಿಲಲ್ಲಿಟ್ಟಳು.

ಒಳಗೆ ಒಂದೇ ಒಂದು ಫೈಲು. ಎರಡು ಪುಟದ ಅರ್ಜಿ, ಅದರ ಹಿಂದೆ ಪಿನ್ನು ಹೊಡೆದ ಹಳೆಯ ಪ್ರಿಂಟು. ಸುಚಿತಾ ನಿಧಾನವಾಗಿ ಓದಿದಳು. ಕನ್ನಡ ಎಪ್ಪತ್ತೊಂದು. ಇಂಗ್ಲಿಷು ಮೂವತ್ತೆಂಟು. ಹಿಂದಿ ಐವತ್ತೆರಡು. ಗಣಿತ ಅರವತ್ತೆಂಟು. ವಿಜ್ಞಾನ ಐವತ್ತೊಂಬತ್ತು. ಸಮಾಜ ಐವತ್ತಮೂರು. 'ಈ ತಪ್ಪು ನನ್ನಿಂದ ಆದುದು. ವಿದ್ಯಾರ್ಥಿನಿಯದು ಏನೂ ತಪ್ಪಿಲ್ಲ. ಶಾಲೆಯ ಪ್ರತಿ ಗೆದ್ದಲು ಹಿಡಿದು ಹಾಳಾಗಿದ್ದು, ಕಂಪ್ಯೂಟರು ಗುಜರಿಗೆ ಹೋಗಿದ್ದರಿಂದ, ನನ್ನಲ್ಲಿರುವ ಈ ಒಂದೇ ಪ್ರತಿಯನ್ನು ಲಗತ್ತಿಸಿದ್ದೇನೆ.' ಕೆಳಗೆ ಬೊಮ್ಮಯ್ಯನ ಸಹಿ. ಅದರ ಪಕ್ಕದಲ್ಲಿ 'ಅಂದಿನ ಮುಖ್ಯಾಧ್ಯಾಪಕರು' ಎಂದು ಬರೆದು, ಮೇಲೆ ಜಾಗ ಖಾಲಿ ಬಿಟ್ಟಿತ್ತು.

"ಇಲ್ಲಿ ಸಹಿ ಇಲ್ಲ" ಎಂದಳು ಸುಚಿತಾ.

"ಹೊನ್ನಾವರಕ್ಕೆ ಎರಡು ಸಲ ಹೋಗಿದ್ರು, ಮಹಾಗಣಪತಿ ಮಾಸ್ತರ ಮನೆಗೆ" ಎಂದಳು ಮಂಗಲಾ. "ಹೊಟ್ಟೆ ಹಿಡ್ಕಂಡೇ ಹೋಗಿದ್ರು. ಯಾಕೆ ಅಂತ ನಂಗೆ ಹೇಳ್ಲಿಲ್ಲ. ಅವರು ಈಗ ಬತ್ರು. ನೀನೇ ಕೇಳು."

*

ಜನವರಿಯಲ್ಲಿ ಡಾಕ್ಟರು ರೋಗದ ಹೆಸರು ಹೇಳಿದ ವಾರವೇ ಬೊಮ್ಮಯ್ಯ ತದಡಿಗೆ ಹೋಗಿದ್ದ. ಹಿಂದೊಮ್ಮೆ, 2001ರಲ್ಲೂ ಹೋಗಿದ್ದ. ಆಗ ಸುಚಿತಾ ಬಸುರಿ. ಬಾಗಿಲಲ್ಲಿ ನಿಂತು ನೀರು ಕೇಳಿ, ಕುಡಿದು, ಹೀಗೇ ಈ ಕಡೆ ಬಂದಿದ್ದೆ ಎಂದು ಹೇಳಿ ವಾಪಸಾಗಿದ್ದ.

ಈ ಸಲ ಸುಚಿತಾ ಬೋಟು ನಿಲ್ಲುವ ಧಕ್ಕೆಯ ಹಿಂದಿನ ಬಯಲಲ್ಲಿ ಮೀನು ಒಣಹಾಕುತ್ತಿದ್ದಳು. ಗಂಡ ಅಜಯ ಬೋಟಿನಲ್ಲಿ ಹೋಗಿ ನಾಲ್ಕು ದಿನವಾಗಿತ್ತು. ಬೊಮ್ಮಯ್ಯ ಕೂರಲಿಲ್ಲ. ಬಿಸಿಲಲ್ಲೇ ನಿಂತು, ಮೊದಲಿನಿಂದ ಕೊನೆಯವರೆಗೆ ಹೇಳಿದ. ಸೂತ್ರ ಎಂದರೇನು, ಅಳಿಸುವುದು ಏನನ್ನು, ಬಿಡುವುದು ಏನನ್ನು, ತಾನು ಬಿಟ್ಟದ್ದು ಏನು. ಅವಳು ಮೀನು ಮಗುಚುತ್ತಲೇ ಕೇಳಿದಳು.

"ಗಣಿತಕ್ಕೆ ಎಷ್ಟು ಬಿದ್ದಿತ್ತು?" ಎಂದು ಕೇಳಿದಳು.

"ಅರವತ್ತೆಂಟು."

ಅವಳ ಕೈ ನಿಂತಿತು.

"ಡಾಕ್ಟರ ಮಗಂದು ಆದಾಗ ಕೂಡ್ಲೆ ಗೊತ್ತಾಯ್ತಾ ಸರ್?"

"ಹೌದು."

"ನಂದು ಆದಾಗ ಯಾರಿಗೂ ಗೊತ್ತಾಗ್ಲಿಲ್ಲ." ಅವಳು ಬೈಯುವ ದನಿಯಲ್ಲಿ ಹೇಳಲಿಲ್ಲ. "ನಂಗೂ ಗೊತ್ತಾಗ್ಲಿಲ್ಲ. ಅಪ್ಪ ಹೊಡೀಲಿಲ್ಲ, ಅಮ್ಮ ಎಂತದೂ ಹೇಳ್ಲಿಲ್ಲ. ನಮ್ಮೋರು ಪಾಸಾಗೂದು ಎಲ್ಲಿ ಅಂತ ನಾನೂ ಅಂದ್ಕಂಡೆ. ಪೇಪರು ಚಲೋ ಬರ್ದಿದ್ದೆ ಅಂತ ಗೊತ್ತಿದ್ದೂ ಅಂದ್ಕಂಡೆ."

"ತಪ್ಪು ನಂದು ತಂಗಿ."

"ನೀವು ಹೇಳುಕಾಗಿತ್ತಿಲ್ಲ ಸರ್. ಇಷ್ಟು ದಿನ ನಾ ಫೇಲಾದೋಳು. ಮೀನು ಕೊಯ್ವಾಗ, ಗಂಡನ ಹತ್ರ ಪೆಟ್ಟು ತಿಂಬಾಗ, ಓದುಕೆ ಬರ್ಲಿಲ್ಲ, ಅದ್ಕೇ ಇದು ಅಂತ ಒಂದು ಕಾರಣ ಇತ್ತು. ಅದನ್ನೂ ತಕಂಡು ಹೋಗುಕೆ ಬಂದ್ರಾ?"

ಬೊಮ್ಮಯ್ಯ ತನ್ನ ಫೋನ್ ನಂಬರು, ಮನೆಯ ವಿಳಾಸ ಬರೆದ ಚೀಟಿಯನ್ನು ಕಲ್ಲಿನ ಕೆಳಗಿಟ್ಟು ಬಂದ.

ಫೆಬ್ರವರಿ ಮಧ್ಯದಲ್ಲಿ ಫೋನು ಬಂತು, ಅಂಗಡಿಯೊಂದರ ಕಾಯಿನ್ ಬೂತಿನಿಂದ. "ಆ ಕಾಗದ ಮಾಡುಕೆ ಬತ್ತದಾ ಸರ್? ಪಾಸು ಅಂತ?" ಸುಚಿತಾಳ ಮಗಳು ಎರಡನೆಯ ತರಗತಿಗೆ ಹೋಗುತ್ತಿದ್ದಳು. ಆ ಕಾಗದವಿದ್ದರೆ ಮುಂದಿನ ವರ್ಷ ತಾನು ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂರಬೇಕೆಂದು ಅವಳಿಗೆ ಆಸೆ ಹುಟ್ಟಿತ್ತು. ತಿಂಗಳಿಡೀ ಅವಳು ಅದನ್ನೇ ಯೋಚಿಸಿದ್ದಳು. ಬೊಮ್ಮಯ್ಯ ದಿನ ಹೇಳಿದ. ಮಾರ್ಚ್ ಕೊನೆಯ ಗುರುವಾರ ಬಾ, ಎಲ್ಲ ತಯಾರು ಮಾಡಿ ಇಟ್ಟಿರ್ತೆ, ಫಾರಂ ಕೂಡ ನಾನೇ ತುಂಬ್ಸ್ತೆ ಎಂದ.

*

ಶಾಲೆಯ ಟೆಂಪೋ ಎರಡೂಕಾಲು ಗಂಟೆಗೆ ಬಂತು. ಹೊನ್ನಾವರದಲ್ಲಿ ಮಹಾಗಣಪತಿ ಮಾಸ್ತರನ್ನೂ ಹತ್ತಿಸಿಕೊಂಡು ಬಂದಿದ್ದರು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಹೆಡ್ ಮಾಸ್ತರ ಕಳೆ ಹಾಗೆಯೇ ಇತ್ತು. ಹೆಣಕ್ಕೆ ಹಾರ ಹಾಕಿ, ಕೈಮುಗಿದು, ಜಗಲಿಯ ಬೆಂಚಿನ ಮೇಲೆ ಕುಳಿತರು.

"ಅವನಂಥ ಕೆಲಸಗಾರ ಸಿಗುದಿಲ್ಲ" ಎಂದರು. "ನನ್ನ ಕಾಲದಲ್ಲಿ ಒಂದು ಅಂಕ ಆಚೀಚೆ ಆದದ್ದಿಲ್ಲ."

"ಪ್ರತಿ ವರ್ಷ ಪಟ್ಟಿ ಹೊಸದಾಗಿಯೇ ಮಾಡ್ತಿದ್ರು" ಎಂದು ಯುವಕ ಮಾಸ್ತರೊಬ್ಬ ದನಿಗೂಡಿಸಿದ. "ಹಳೇದರಲ್ಲಿ ಅಂಕ ಅಳಿಸಿ ಕೊಡಿ, ಹತ್ತು ನಿಮಿಷದ ಕೆಲಸ ಅಂದ್ರೂ ಕೇಳ್ತಿರ್ಲಿಲ್ಲ. ಅಷ್ಟು ಶಿಸ್ತು."

ಸುಚಿತಾ ಬಾಗಿಲಿನಿಂದ ಹೊರಗೆ ಬಂದು ಫೈಲು ಮುಂದೆ ಹಿಡಿದಳು. ಮಂಗಲಾ ಅವಳ ಹಿಂದೆ ನಿಂತಿದ್ದಳು.

"ಸರ್, ನಾನು ಇಪ್ಪತ್ತಮೂರನೇ ನಂಬರು. ಸುಚಿತಾ. ಇದಕ್ಕೆ ನಿಮ್ಮ ಸಹಿ ಆಗ್ಬೇಕು."

ಮಾಸ್ತರು ಫೈಲು ತೆರೆದು ಮೊದಲ ಸಾಲು ಓದಿ ಮುಚ್ಚಿದರು. "ಎಂತದು ಇದು? ನಂಗೆ ನೆನಪಿಲ್ಲ ತಂಗಿ. ಎಷ್ಟು ಸಾವಿರ ಮಕ್ಕಳು ಹೋದ್ರು."

"ಸರ್ ಸುಳ್ಳು ಬರೀಲಿಲ್ಲ. ಹಿಂದೆ ಪ್ರಿಂಟೂ ಇದ್ದು, ನೋಡಿ."

"ಕಾಯಿಲೆಯಲ್ಲಿ ಏನೇನೋ ಬರ್ದಿರ್ತಾನೆ. ಹೆಣ ಇಟ್ಕಂಡು ಸಹಿ ಕೇಳುದಾ? ಆಮೇಲೆ ನೋಡುವ."

"ಆಮೇಲೆ ಯಾವಾಗ ಸರ್?"

ಅಂಗಳದಲ್ಲಿದ್ದವರೆಲ್ಲ ಈ ಕಡೆ ನೋಡುತ್ತಿದ್ದರು. ಮಾಸ್ತರು ಎದ್ದು, ಫೈಲನ್ನು ಸುಚಿತಾಳ ಕೈಗೆ ಕೊಡದೆ ಸಂತೋಷನ ಕೈಗೆ ಕೊಟ್ಟು, ಅವನ ಭುಜ ಹಿಡಿದು ಬಾಗಿಲ ಪಕ್ಕಕ್ಕೆ ಕರೆದೊಯ್ದರು. ಸಂತೋಷನಿಗೆ ಇಪ್ಪತ್ತೈದು. ಮುರ್ಡೇಶ್ವರದ ಲಾಡ್ಜೊಂದರಲ್ಲಿ ಬಂದವರಿಗೆ ರೂಮಿನ ಕೀಲಿ ಕೊಡುವ ಕೆಲಸ ಅವನದು.

"ಅಪ್ಪ ನೌಕರಿಯಲ್ಲಿರುವಾಗಲೇ ಹೋದ" ಎಂದರು ಮಾಸ್ತರು ತಗ್ಗಿದ ದನಿಯಲ್ಲಿ. "ಅನುಕಂಪದ ಮೇಲೆ ಆ ಜಾಗ ನಿಂಗೆ ಸಿಗ್ತದೆ. ನಾನೂ ಓಡಾಡ್ತೆ. ಆದ್ರೆ ಇದು ಮೇಲಿನ ಆಫೀಸಿಗೆ ಹೋದ್ರೆ ಮೊದಲು ವಿಚಾರಣೆ ಅಂತಾರೆ. ಅಪ್ಪನೇ ತಪ್ಪು ಒಪ್ಪಿ ಸಹಿ ಮಾಡಿದ್ದಾನೆ. ನಿನ್ನ ಅರ್ಜಿ ಅಲ್ಲೇ ಕೂತ್ಕಳ್ತದೆ. ಅಮ್ಮನ ಪಿಂಚಣಿಯೂ. ಯೋಚನೆ ಮಾಡು."

ಸಂತೋಷ ಫೈಲನ್ನು ನೋಡಿದ. ಅಪ್ಪನ ಅಕ್ಷರ ನೋಡಿದ. ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೆ ಎಲ್ಲ ಕೇಳಿಸಿತ್ತು. ಅವನು ಏನು ಮಾಡಬೇಕೆಂಬಂತೆ ಅವಳ ಮುಖ ನೋಡಿದ. ಅವಳು ಕೈ ಚಾಚಿದಳು. ಅವನು ಫೈಲು ಕೊಟ್ಟು ಹೊರಗೆ ಹೋದ.

"ಹೊತ್ತಾತು" ಎಂದ ಚೌಡ. "ಬಾಯಿಗೆ ನೀರು ಬಿಡುವೋರು ಬಿಡಿ."

ಹೆಣವನ್ನು ಚಟ್ಟದ ಮೇಲೆ ಮಲಗಿಸಿದ ಮೇಲೆ ಒಬ್ಬೊಬ್ಬರಾಗಿ ತುಳಸಿ ನೀರು ಬಿಟ್ಟರು. ಮಂಗಲಾ ಕೊನೆಗೆ ಬಂದಳು. ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು. ನೀರು ಬಿಟ್ಟು, ಗಂಡನ ಮೇಲೆ ಬಾಗಿ, ಹೊದಿಸಿದ ಬಟ್ಟೆಯನ್ನು ಸರಿಪಡಿಸಿದಳು. ಒಂದು ಕಡೆ ಎತ್ತಿ, ಮತ್ತೆ ಕೆಳಗೆ ಒತ್ತಿದಳು. ಅವಳು ಎದ್ದು ನಿಂತಾಗ ಸೆರಗು ಸಡಿಲವಾಗಿತ್ತು.

ನಾಲ್ವರು ಚಟ್ಟ ಎತ್ತಿದರು. ಮೇಲೇಳುವಾಗ ಅದು ಒಂದು ಕಡೆಗೆ ವಾಲಿತು. ಬಟ್ಟೆಯ ಅಂಚಿನಿಂದ, ಬೊಮ್ಮಯ್ಯನ ತೋಳಿನ ಪಕ್ಕದಲ್ಲಿ, ಹಳೆಯ ಪ್ರಿಂಟಿನ ಹಳದಿ ಮೂಲೆ ಎರಡು ಬೆರಳಷ್ಟು ಹೊರಗೆ ಬಂತು. ಬಾಗಿಲ ಕಂಬದ ಹತ್ತಿರ ನಿಂತಿದ್ದ ಸುಚಿತಾಳಿಗೆ ಅದು ಕಂಡಿತು. ಅವಳು ಬಾಯಿ ತೆರೆದಳು. ಹೊರುವವರು 'ಗೋವಿಂದ' ಎಂದರು. ಸಂತೋಷ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಮಹಾಗಣಪತಿ ಮಾಸ್ತರು ಪಂಚೆಯ ಚುಂಗು ಎತ್ತಿ ಹಿಡಿದು, ಗದ್ದೆಯ ಅಂಚಿನಲ್ಲಿ ಜೋಪಾನವಾಗಿ ಹೆಜ್ಜೆಯಿಡುತ್ತ ಹಿಂದೆ ಹೋದರು. ಚಟ್ಟ ತೆಂಗಿನ ಮರಗಳ ಹಿಂದೆ ಮರೆಯಾಗುವವರೆಗೂ ಅವಳು ತೆರೆದ ಬಾಯಿ ಮುಚ್ಚದೆ ನಿಂತಿದ್ದಳು.

*

ಹೆಣ ಹೋದ ಮೇಲೆ ಜಗಲಿ ತೊಳೆಯಬೇಕು. ನೆರೆಯ ಹೆಂಗಸರು ಒಳಗೆ ಹಾಸಿಗೆ, ಬಟ್ಟೆ ಹೊರಗೆ ಹಾಕುವುದರಲ್ಲಿದ್ದರು. ಮಂಗಲಾ ಕೊಡದಲ್ಲಿ ನೀರು ತಂದಳು. ಕಡ್ಡಿ ಪೊರಕೆಗೆ ಅವಳು ಕೈ ಹಾಕುವ ಮೊದಲೇ ಸುಚಿತಾ ಅದನ್ನು ತೆಗೆದುಕೊಂಡಿದ್ದಳು. ಹಸಿರು ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಸಿಕ್ಕಿಸಿದ್ದಳು.

"ನೀ ಮಾಡೂದು ಬೇಡ" ಎಂದಳು ಮಂಗಲಾ. "ನಾಕೂವರೆಗೆ ಕುಮಟೆ ಬಸ್ಸಿದೆ."

ಸುಚಿತಾ ಗುಡಿಸತೊಡಗಿದಳು. ಮಂಗಲಾ ನೀರು ಹಾಕಿದಳು. ಹೀಗೆ ಮೂರು ಕೊಡ ಮುಗಿಯಿತು. ಎಣ್ಣೆಯ ಕಲೆ ಹೋಯಿತು, ಅಕ್ಕಿಕಾಳು ಹೋಯಿತು, ಹೂವಿನ ಎಸಳು ಹೋಯಿತು.

"ಕಾಗದ ಎಲ್ಲಿ ಇಟ್ನೋ ಸಂತೋಷ" ಎಂದಳು ಮಂಗಲಾ, ಕೊಡ ನೋಡುತ್ತ. "ಹುಡುಕ್ತೆ. ಕರ್ಮ ಮುಗೀಲಿ."

ಪೊರಕೆಯ ಸದ್ದು ನಿಲ್ಲಲಿಲ್ಲ.

"ಅಂವಗೆ ಲಾಡ್ಜಿನಲ್ಲಿ ಎರಡು ಸಾವಿರ ಕೊಡ್ತ್ರು" ಎಂದಳು ಮಂಗಲಾ. ಆಮೇಲೆ, ಬಹಳ ಮೆಲ್ಲಗೆ, "ನೀ ಕಂಡ್ಯಾ?"

ಸುಚಿತಾ ಗೋಡೆಯ ಬುಡಕ್ಕೆ ಪೊರಕೆ ಒತ್ತಿ ಉಜ್ಜಿದಳು.

"ಈ ಮೂಲೆಗೆ ಇನ್ನೂ ಸ್ವಲ್ಪ ನೀರು ಹಾಕಿ ಅಮ್ಮ" ಎಂದಳು.

ಮಂಗಲಾಳ ಕೈಯಿಂದ ಕೊಡ ಜಾರಿ ಮಗುಚಿತು. ಅವಳು ಹರಿಯುವ ನೀರಿನಲ್ಲೇ, ಜಗಲಿಯ ನಡುವೆ, ಮೊಣಕಾಲಿಗೆ ಹಣೆ ಒತ್ತಿ ಕುಳಿತುಬಿಟ್ಟಳು. ಸುಚಿತಾ ಅವಳನ್ನು ಎಬ್ಬಿಸಲೂ ಇಲ್ಲ, ಮುಟ್ಟಲೂ ಇಲ್ಲ. ಬಗ್ಗಿ, ಅವಳ ಸುತ್ತಲಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಗುಡಿಸಿ ಮೆಟ್ಟಿಲಿನ ಕಡೆಗೆ ತಳ್ಳುತ್ತ ಹೋದಳು. ನೆಲವೆಲ್ಲ ಒಣಗುತ್ತ ಬಂದಿತು. ಕುಳಿತವಳ ಕೆಳಗೆ ಮಾತ್ರ ಒದ್ದೆ ಹಾಗೆಯೇ ಉಳಿಯಿತು.